ಕಾಫಿ ಕಣದ ಒಂದು ದೃಶ್ಯ, ನಾಲ್ಕು ಅನಿಮೇಷನ್ ತಂತ್ರಾಂಶಗಳಲ್ಲಿ

ಮನೆಯ ಕಂಪ್ಯೂಟರಿನಲ್ಲಿ ಅನಿಮೇಷನ್ ಕಲಿಯಲು ಹೊರಟವರು ಮೊದಲು ಕೇಳುವ ಪ್ರಶ್ನೆ, ಯಾವ ತಂತ್ರಾಂಶ ಒಳ್ಳೆಯದು ಎಂಬುದು. ಚಿಕ್ಕಮಗಳೂರು ಮತ್ತು ಹಾಸನದಲ್ಲಿ ಬೇರೆ ಬೇರೆ ಉದ್ಯೋಗಗಳಲ್ಲಿದ್ದುಕೊಂಡು ಈ ಹವ್ಯಾಸ ಹಿಡಿದಿರುವ ನಾವು ಕೆಲವರು ಎರಡೂ ಊರಿನವರಿಗೆ ಅನುಕೂಲವೆಂದು ನಡುವಿನ ಬೇಲೂರಿನಲ್ಲಿ ಆಗಾಗ ಸೇರುತ್ತೇವೆ. ನಮ್ಮಲ್ಲಿ ಒಬ್ಬರು ಪ್ರೌಢಶಾಲೆಯ ಡ್ರಾಯಿಂಗ್ ಮೇಷ್ಟ್ರು, ಒಬ್ಬರು ಕಾಫಿ ತೋಟದ ರೈಟರು (ಗುಮಾಸ್ತರು), ಒಬ್ಬಳು ಹಾಸನದಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿ. ನಾನು ಚಿಕ್ಕಮಗಳೂರಿನಲ್ಲಿ ಲೆಕ್ಕಪತ್ರ ಬರೆಯುವವನು. ಹೊಸಬರು ಬಂದು ಈ ಪ್ರಶ್ನೆ ಕೇಳಿದಾಗಲೆಲ್ಲ ಪ್ರತಿಯೊಬ್ಬರೂ ತಮಗೆ ಗೊತ್ತಿರುವುದನ್ನೇ ಶಿಫಾರಸು ಮಾಡುತ್ತಿದ್ದೆವು. ಆದ್ದರಿಂದ ಒಂದೇ ದೃಶ್ಯವನ್ನು ಕ್ರಿತಾ, ಓಪನ್‌ಟೂನ್ಜ್, ಸಿನ್‌ಫಿಗ್ ಮತ್ತು ಬ್ಲೆಂಡರ್ ಎಂಬ ನಾಲ್ಕು ತಂತ್ರಾಂಶಗಳಲ್ಲಿ ಮಾಡಿ ನೋಡಿದೆವು. ನಾಲ್ಕೂ ಉಚಿತ, ಮುಕ್ತ ತಂತ್ರಾಂಶಗಳು. ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲಿಯೂ ನಡೆಯುತ್ತವೆ. ತಿಂಗಳ ಬಾಡಿಗೆ ಕಟ್ಟಬೇಕಾದವುಗಳನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಕಲಿಯುವ ಕಾಲದಲ್ಲಿ ಆ ಹಣ ಪೆನ್ ಟ್ಯಾಬ್ಲೆಟ್‌ಗೆ ಹೋಗುವುದು ಮೇಲು.

ದೃಶ್ಯ ಹತ್ತು ಸೆಕೆಂಡಿನದು. ಸೆಕೆಂಡಿಗೆ 24 ಫ್ರೇಮ್, ಅಂದರೆ ತೆರೆಯ ಮೇಲೆ ಚಿತ್ರ ತೋರುವ 24 ಸರದಿಗಳು; ಅಳತೆ 1920 ಮತ್ತು 1080 ಪಿಕ್ಸೆಲ್. ಕಾಫಿ ಒಣಗಿಸುವ ಅಂಗಳವಾದ ಕಣದಲ್ಲಿ ಹರವಿದ ಕಾಫಿಯನ್ನು ಒಬ್ಬ ಹೆಂಗಸು ಹಲಗೆ ಕಟ್ಟಿದ ಕೋಲಿನಿಂದ ಎಳೆದು ತಿರುವಿ ಹಾಕುತ್ತಿದ್ದಾಳೆ. ಗಾಳಿ ಎದ್ದು, ಪಕ್ಕದಲ್ಲಿ ಮಡಚಿಟ್ಟ ಟಾರ್ಪಾಲಿನ ಅಂಚು ಮೇಲೇಳುತ್ತದೆ. ಕ್ಯಾಮೆರಾ ನಿಧಾನವಾಗಿ ಬಲಕ್ಕೆ ಸರಿದಾಗ ಸಿಲ್ವರ್ ಓಕ್ ಮರಗಳ ಹಿಂದೆ ಮುಳ್ಳಯ್ಯನಗಿರಿಯ ಸಾಲು, ಅದರ ಮೇಲೆ ಕವಿದ ಅಕಾಲದ ಮೋಡ ಕಾಣಿಸುತ್ತದೆ. ಕಾಫಿ ಒಣಗಿಸುವ ದಿನಗಳಲ್ಲಿ ಈ ಭಾಗದ ಪ್ರತಿಯೊಂದು ತೋಟದಲ್ಲಿಯೂ ಜೀವ ಕೈಯಲ್ಲಿ ಹಿಡಿದು ನೋಡುವ ಮೋಡ ಅದು. ಈ ದೃಶ್ಯವನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವಿದೆ: ಇದರಲ್ಲಿ ಮೂರು ಜಾತಿಯ ಚಲನೆಗಳಿವೆ. ಕೋಲಿನದು ಮತ್ತೆ ಮತ್ತೆ ಅದೇ ಬರುವ ಚಲನೆ, ಟಾರ್ಪಾಲಿನದು ಯಾವ ಕ್ಷಣವೂ ಹಿಂದಿನಂತಿರದ ಚಲನೆ, ಬೆಟ್ಟ ಮತ್ತು ಮರಗಳದು ಕ್ಯಾಮೆರಾ ಸರಿಯುವುದರಿಂದ ಹುಟ್ಟುವ ಚಲನೆ. ತಂತ್ರಾಂಶದ ಒಳಿತು ಕೆಡುಕು ಈ ಮೂರರಲ್ಲಿ ಯಾವುದನ್ನು ಅದರ ಕೈಗೆ ಕೊಡುತ್ತೇವೆ ಎಂಬುದನ್ನು ಅವಲಂಬಿಸಿದೆ ಎಂಬುದೇ ನನ್ನ ಅನುಭವ.

ಮೊದಲು ಕ್ರಿತಾ. ಇದು ಮೂಲತಃ ಚಿತ್ರ ಬರೆಯುವ ತಂತ್ರಾಂಶ. 2016ರಲ್ಲಿ ಬಂದ 3.0 ಆವೃತ್ತಿಯಿಂದ ಇದರಲ್ಲಿ ಅನಿಮೇಷನ್ ಸೇರಿಕೊಂಡಿತು. ಬ್ರಷ್ಷುಗಳ ವಿಷಯದಲ್ಲಿ ಉಳಿದ ಮೂರೂ ಇದರ ಹತ್ತಿರಕ್ಕೆ ಬರುವುದಿಲ್ಲ. ಪೆನ್ನಿನ ಒತ್ತಡಕ್ಕೆ ತಕ್ಕಂತೆ ಗೆರೆ ದಪ್ಪವಾಗಿ ತೆಳುವಾಗಿ ಬರುವ ರೀತಿ, ಹಿಂದಿನ ಮತ್ತು ಮುಂದಿನ ಚಿತ್ರಗಳನ್ನು ಬೇರೆ ಬೇರೆ ಬಣ್ಣದ ನೆರಳಾಗಿ ತೋರಿಸುವ ಆನಿಯನ್ ಸ್ಕಿನ್, ಇವೆರಡು ಇದ್ದರೆ ಟಾರ್ಪಾಲಿನಂತಹ ಬಟ್ಟೆಯ ಚಲನೆಗೆ ಬೇರೇನೂ ಬೇಕಿಲ್ಲ. ಅಂಚು ಏಳುವಾಗ ಮೂಲೆ ಮೊದಲು ಹೋಗಿ ನಡುಭಾಗ ಹಿಂದಿನಿಂದ ಬರುತ್ತದೆ. ಇಳಿಯುವಾಗ ನಡುಭಾಗ ನೆಲ ಮುಟ್ಟಿದ ಮೇಲೂ ಮೂಲೆ ಗಾಳಿಯಲ್ಲಿಯೇ ಇರುತ್ತದೆ. ಇಂತಹ ವಿವರವನ್ನು ಕೈಯಿಂದಲೇ ಹಿಡಿಯಬೇಕು, ಮತ್ತು ಕ್ರಿತಾದಲ್ಲಿ ಅದು ಕಾಗದದ ಮೇಲೆ ಬರೆದಷ್ಟೇ ಸಲೀಸಾಗಿ ಬಂದಿತು.

ಕೋಲಿನ ಚಲನೆಗೆ ಕ್ಲೋನ್ ಫ್ರೇಮ್ ಎಂಬ ಸೌಲಭ್ಯ ಒದಗಿತು. ಒಂದು ಸಲ ಬರೆದ ಎಳೆತವನ್ನು ಮುಂದೆ ಬೇಕಾದಲ್ಲಿ ಇಟ್ಟುಕೊಂಡರೆ, ಮೂಲವನ್ನು ತಿದ್ದಿದಾಗ ಎಲ್ಲ ಕಡೆಯೂ ತಿದ್ದುಪಡಿ ತಾನಾಗಿಯೇ ಆಗುತ್ತದೆ. ಆದರೆ ಬಣ್ಣ ತುಂಬುವುದಕ್ಕೆ ಬಂದಾಗ ಶ್ರಮ ಹೆಚ್ಚು. ನೀಲಿ ಟಾರ್ಪಾಲನ್ನು ಸ್ವಲ್ಪ ಮಾಸಿದ ನೀಲಿ ಮಾಡಬೇಕೆನಿಸಿದರೆ ಪ್ರತಿ ಚಿತ್ರಕ್ಕೂ ಹೋಗಿ ಬದಲಾಯಿಸಬೇಕು. ಪ್ರತ್ಯೇಕ ಕ್ಯಾಮೆರಾ ಎಂಬುದಿಲ್ಲದ ಕಾರಣ ಬೆಟ್ಟದ ಪದರ, ಮರಗಳ ಪದರ, ಕಣದ ಪದರ ಇವುಗಳನ್ನು ಟ್ರಾನ್ಸ್‌ಫಾರ್ಮ್ ಮಾಸ್ಕ್ ಬಳಸಿ ಬೇರೆ ಬೇರೆ ವೇಗದಲ್ಲಿ ಸರಿಸಬೇಕಾಗುತ್ತದೆ. ಮೆಮೊರಿಯ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಈ ಅಳತೆಯ ಒಂದು ಪೂರ್ಣ ಫ್ರೇಮ್ ಸುಮಾರು 8 ಎಂಬಿ ಆಗುತ್ತದೆ. ಒಂದೊಂದು ಚಿತ್ರ ಎರಡೆರಡು ಫ್ರೇಮ್ ನಿಲ್ಲುವುದಾದರೆ, ಸೆಕೆಂಡಿಗೆ 12 ಚಿತ್ರಗಳಂತೆ ಹತ್ತು ಸೆಕೆಂಡಿಗೆ 120 ಚಿತ್ರಗಳೆಂದರೆ ಹತ್ತಿರ ಹತ್ತಿರ 1 ಜಿಬಿ. 4 ಜಿಬಿ ಲ್ಯಾಪ್‌ಟಾಪ್ ಇರುವವರು ಫ್ರೇಮುಗಳನ್ನು ಮೆಮೊರಿಯ ಬದಲು ಡಿಸ್ಕಿನಲ್ಲಿ ಇಡುವಂತೆ ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಓಪನ್‌ಟೂನ್ಜ್ ವಿಷಯದಲ್ಲಿ ನಾನು ಸ್ವಲ್ಪ ವಿಸ್ತಾರವಾಗಿ ಬರೆಯಬಯಸುತ್ತೇನೆ, ಏಕೆಂದರೆ ಹೊಸಬರು ಬೇಗನೆ ಕೈಬಿಡುವುದೂ ಇದನ್ನೇ, ಉಳಿದುಕೊಂಡವರು ಬಿಡದೆ ಹಿಡಿದುಕೊಳ್ಳುವುದೂ ಇದನ್ನೇ. ಇಟಲಿಯಲ್ಲಿ ಹುಟ್ಟಿದ ಟೂನ್ಜ್ ಎಂಬ ತಂತ್ರಾಂಶವನ್ನು ಜಪಾನಿನ ಘಿಬ್ಲಿ ಸ್ಟುಡಿಯೊ ತನ್ನ ಕೆಲಸಕ್ಕೆ ಹೊಂದಿಸಿಕೊಂಡು ಬಳಸುತ್ತಿತ್ತು. 2016ರ ಮಾರ್ಚಿನಲ್ಲಿ ಜಪಾನಿನ ದ್ವಾಂಗೊ ಸಂಸ್ಥೆ ಅದನ್ನು ಎಲ್ಲರಿಗೂ ಮುಕ್ತಗೊಳಿಸಿತು. ಸ್ಟುಡಿಯೊಗಾಗಿ ಕಟ್ಟಿದ್ದಾದ್ದರಿಂದ ತೆರೆದ ಕೂಡಲೇ ಬರೆಯಲು ಕೂರುವಂತಿಲ್ಲ. ಯಾವ ಜಾತಿಯ ಲೆವೆಲ್ (ಒಂದು ವಸ್ತುವಿನ ಚಿತ್ರಗಳ ಕಟ್ಟು) ಬೇಕು, ಅದರ ಹೆಸರೇನು, ಯಾವ ಪ್ರಾಜೆಕ್ಟಿಗೆ ಸೇರಿದ್ದು ಎಂಬುದನ್ನೆಲ್ಲ ಮೊದಲು ಹೇಳಬೇಕು. ಜೊತೆಗೆ ಕುಳಿತು ತೋರಿಸುವವರೊಬ್ಬರಿದ್ದರೆ ಇದು ಒಂದು ಸಂಜೆಯ ಕೆಲಸ.

ಆ ತೊಡಕು ದಾಟಿದ ಮೇಲೆ ಸಿಗುವ ಫಲ ದೊಡ್ಡದು. ಟೂನ್ಜ್ ರಾಸ್ಟರ್ ಎಂಬ ಲೆವೆಲ್‌ನಲ್ಲಿ ಪ್ರತಿ ಬಣ್ಣವೂ ಪ್ಯಾಲೆಟ್ಟಿನ, ಅಂದರೆ ಬಣ್ಣಗಳ ಪಟ್ಟಿಯ, ಒಂದು ಸಂಖ್ಯೆಯಾಗಿ ದಾಖಲಾಗುತ್ತದೆ. ಹೆಂಗಸಿನ ಸೀರೆಯ ಕೆಂಪನ್ನು ಪ್ಯಾಲೆಟ್ಟಿನಲ್ಲಿ ಒಮ್ಮೆ ಬದಲಾಯಿಸಿದರೆ ಅವಳ ಎಲ್ಲ ಚಿತ್ರಗಳಲ್ಲಿಯೂ ಸೀರೆಯ ಬಣ್ಣ ಬದಲಾಗುತ್ತದೆ. ಮೋಡ ಕವಿಯುವ ದೃಶ್ಯಕ್ಕೆ ಇದರ ಬೆಲೆ ಎಷ್ಟೆಂಬುದು ಮಾಡಿದವರಿಗೇ ಗೊತ್ತು: ಬಿಸಿಲಿನ ಬಣ್ಣಗಳನ್ನು ಮಬ್ಬಿಗೆ ಇಳಿಸಲು ಒಂದು ಚಿತ್ರವನ್ನೂ ಮುಟ್ಟಬೇಕಾಗಲಿಲ್ಲ. ಕಾಗದದ ಮೇಲೆ ಬರೆದು ಸ್ಕ್ಯಾನ್ ಮಾಡಿದ ಚಿತ್ರಗಳನ್ನು ಶುದ್ಧಗೊಳಿಸಿ ಗೆರೆಗಳಾಗಿ ತೆಗೆದುಕೊಳ್ಳುವ ಏರ್ಪಾಡೂ ಇದೆ. ಮೇಷ್ಟ್ರು ಇಂದಿಗೂ ಪೆನ್ಸಿಲ್ ಬಿಡದವರು. ಅವರಿಗೆ ಇದಕ್ಕಿಂತ ಹೊಂದುವ ತಂತ್ರಾಂಶ ನಾಲ್ಕರಲ್ಲಿ ಬೇರೊಂದಿಲ್ಲ. ಪದರಗಳಿಗೆ ಆಳವನ್ನು ಕೊಟ್ಟು ಕ್ಯಾಮೆರಾ ಸರಿಸುವ ಸೌಕರ್ಯವಿರುವುದರಿಂದ ಬೆಟ್ಟ ನಿಧಾನವಾಗಿಯೂ ಮರಗಳು ಬೇಗನೆಯೂ ಸರಿದವು.

ಆದರೆ ನನ್ನ ಮಟ್ಟಿಗೆ ಓಪನ್‌ಟೂನ್ಜ್‌ನ ಮುಖ್ಯ ಗುಣ ಅದರ ಎಕ್ಸ್‌ಶೀಟ್. ಫ್ರೇಮುಗಳು ಮೇಲಿನಿಂದ ಕೆಳಗೆ, ಪದರಗಳು ಎಡದಿಂದ ಬಲಕ್ಕೆ, ಪ್ರತಿ ಮನೆಯಲ್ಲಿ ಆ ಹೊತ್ತಿಗೆ ತೋರಬೇಕಾದ ಚಿತ್ರದ ಸಂಖ್ಯೆ. ಈ ಪಟ್ಟಿಯ ಒಂದು ಫೋಟೊ ಸಾಕು, ದೂರದಲ್ಲಿರುವವರು ಕೂಡ ಚಲನೆಯ ದೋಷವನ್ನು ಹಿಡಿದು ಹೇಳಬಲ್ಲರು. ವಿದ್ಯಾರ್ಥಿನಿ ಮಾಡಿದ ಟಾರ್ಪಾಲಿನಲ್ಲಿ ಆರು ಚಿತ್ರಗಳಿದ್ದವು, ಪ್ರತಿಯೊಂದೂ ಎರಡೆರಡು ಫ್ರೇಮ್ ನಿಲ್ಲುತ್ತಿತ್ತು. ಚಿತ್ರಗಳು ಚೆನ್ನಾಗಿದ್ದರೂ ಬಟ್ಟೆ ಮಾತ್ರ ರಟ್ಟಿನ ಹಾಗೆ ಏಳುತ್ತಿತ್ತು. ಅವಳು ಎಕ್ಸ್‌ಶೀಟಿನ ಫೋಟೊ ಕಳಿಸಿದಾಗ ಮೇಷ್ಟ್ರು ಕೊಟ್ಟ ಉತ್ತರ ಇಷ್ಟೇ: “ಮೊದಲನೇದು ಎಂಟು ಫ್ರೇಮ್ ನಿಲ್ಲಲಿ ಕಣಮ್ಮ, ಗಾಳಿ ಬರುತ್ತೆ ಅಂತ ನೋಡೋರಿಗೆ ಅನ್ನಿಸಬೇಕು. ಎರಡರಿಂದ ನಾಲ್ಕು ಒಂದೊಂದೇ ಫ್ರೇಮ್. ಐದು, ಆರು ಮೂರು ಮೂರು ಇರಲಿ.” ಹನ್ನೆರಡು ಫ್ರೇಮಿನ ಚಲನೆ ಹದಿನೇಳು ಫ್ರೇಮಿಗೆ ಬೆಳೆಯಿತು, ಅವಳು ಒಂದು ಗೆರೆಯನ್ನೂ ಹೊಸದಾಗಿ ಬರೆಯಲಿಲ್ಲ, ಆದರೆ ಗಾಳಿ ಬೀಸಿತು. “ಮೇಷ್ಟ್ರೇ, ಈಗ ಬಟ್ಟೆ ಆಯ್ತು” ಎಂದು ಅವಳು ರಾತ್ರಿಯೇ ಸಂದೇಶ ಕಳಿಸಿದಳು. ಅನಿಮೇಷನ್‌ನಲ್ಲಿ ಚಿತ್ರದಷ್ಟೇ ಮುಖ್ಯವಾದದ್ದು ಚಿತ್ರ ನಿಲ್ಲುವ ಹೊತ್ತು, ಮತ್ತು ಆ ಹೊತ್ತನ್ನು ಇಷ್ಟು ನೇರವಾಗಿ ಕಣ್ಣಿಗೆ ಕಾಣಿಸುವ ತಂತ್ರಾಂಶ ಉಳಿದ ಮೂರರಲ್ಲಿ ಇಲ್ಲ.

ಸಿನ್‌ಫಿಗ್ ಬೇರೆಯೇ ದಾರಿಯದು. ಇದರಲ್ಲಿ ಪ್ರತಿ ಚಿತ್ರವನ್ನೂ ಬರೆಯುವುದಿಲ್ಲ. ಆಕೃತಿಯ ಎರಡು ಸ್ಥಿತಿಗಳನ್ನು ಹೇಳಿದರೆ ನಡುವಿನದನ್ನು ತಂತ್ರಾಂಶವೇ ಲೆಕ್ಕ ಹಾಕುತ್ತದೆ. ತೋಟದ ರೈಟರ ಬಳಿ ಪೆನ್ ಟ್ಯಾಬ್ಲೆಟ್ ಇಲ್ಲ, ಇರುವುದು ಮೌಸ್ ಮಾತ್ರ; ಮೌಸಿನಲ್ಲಿ ನೂರು ಸಲ ಒಂದೇ ಕೈ ಬರೆಯುವುದು ಯಾರಿಗೂ ಬೇಡದ ಶಿಕ್ಷೆ. ಅವರು ಹೆಂಗಸಿನ ತೋಳಿಗೂ ಮುಂಗೈಗೂ ಮೂಳೆಗಳನ್ನು (ಆಕೃತಿಯನ್ನು ಮಡಿಸಿ ತಿರುಗಿಸುವ ಕಡ್ಡಿಗಳನ್ನು) ಜೋಡಿಸಿ, ಎಳೆತದ ಕೆಲವು ಸ್ಥಿತಿಗಳನ್ನಷ್ಟೇ ಗುರುತು ಮಾಡಿ, ಟೈಮ್ ಲೂಪ್ ಎಂಬ ಪದರದಿಂದ ಅದನ್ನು ದೃಶ್ಯದ ಕೊನೆಯವರೆಗೆ ಓಡಿಸಿದರು. ದಿನವೂ ಕಣ ನೋಡುವವರಾದ್ದರಿಂದ, ಕೋಲನ್ನು ಎಳೆಯುವಾಗ ನಿಧಾನ, ಮುಂದಕ್ಕೆ ಎತ್ತಿ ಹಾಕುವಾಗ ಬೇಗ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಲ್ಕೂ ಪ್ರಯೋಗಗಳಲ್ಲಿ ಕೋಲಿನ ಚಲನೆ ಅತ್ಯಂತ ಸಹಜವಾಗಿ ಬಂದದ್ದು ಅವರದರಲ್ಲಿಯೇ.

ಟಾರ್ಪಾಲಿಗೆ ಮಾತ್ರ ಈ ಮಾರ್ಗ ಹೊಂದಲಿಲ್ಲ. ಲೆಕ್ಕದಿಂದ ಹುಟ್ಟಿದ ಬಟ್ಟೆ ರಬ್ಬರಿನಂತೆ ಉಬ್ಬಿ ಇಳಿಯುತ್ತದೆ, ಮಡಿಕೆ ಮುರಿಯುವುದಿಲ್ಲ. ಹೊಸಬರು ಒಂದು ಸಂಗತಿ ಗಮನಿಸಬೇಕು: ಅನಿಮೇಟ್ ಮೋಡ್ ಆನ್ ಆಗಿದ್ದಾಗ ಚಿತ್ರದ ಸುತ್ತ ಕೆಂಪು ಚೌಕಟ್ಟು ಕಾಣಿಸುತ್ತದೆ. ಆ ಕೆಂಪು ಇರುವಾಗ ಮಾಡಿದ ಪ್ರತಿ ಬದಲಾವಣೆಯೂ ಆ ಕ್ಷಣದ ಕೀಫ್ರೇಮ್ (ಗುರುತು ಮಾಡಿದ ಸ್ಥಿತಿ) ಆಗಿ ದಾಖಲಾಗುತ್ತದೆ. ಇಲ್ಲದಿರುವಾಗ ಮಾಡಿದ್ದು ಇಡೀ ದೃಶ್ಯಕ್ಕೆ ಅನ್ವಯಿಸುತ್ತದೆ. ನಮ್ಮಲ್ಲಿ ಸಹಾಯ ಕೇಳಿ ಬರುವ ಸಿನ್‌ಫಿಗ್ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಒಂದು ಚೌಕಟ್ಟಿನಲ್ಲಿ ಮುಗಿಯುತ್ತವೆ.

ಬ್ಲೆಂಡರ್ ಹೆಸರು ಎಲ್ಲರೂ ಕೇಳಿರುತ್ತಾರೆ. 2002ರಲ್ಲಿ ಅದರ ಕಂಪನಿ ಮುಚ್ಚುವ ಸ್ಥಿತಿಗೆ ಬಂದಾಗ ಬಳಕೆದಾರರೇ ಏಳು ವಾರಗಳಲ್ಲಿ ಒಂದು ಲಕ್ಷ ಯೂರೊ ಕೂಡಿಸಿ ಅದನ್ನು ಮುಕ್ತ ತಂತ್ರಾಂಶವಾಗಿ ಉಳಿಸಿಕೊಂಡರು. 2025ರಲ್ಲಿ ಆಸ್ಕರ್ ಪಡೆದ ಲಾಟ್ವಿಯಾದ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರ ತಯಾರಾದದ್ದು ಇದರಲ್ಲಿಯೇ. ಹವ್ಯಾಸಿಯ ಕೈಗೂ ದೊಡ್ಡ ಪರದೆಯ ಚಿತ್ರ ಮಾಡುವವರ ಕೈಗೂ ಇಂದು ಇದೇ ಉಪಕರಣ ಸಿಗುತ್ತಿದೆ ಎಂಬುದು ನಮ್ಮಂತಹ ಊರುಗಳಲ್ಲಿ ಕುಳಿತವರಿಗೆ ಸಣ್ಣ ಧೈರ್ಯವಲ್ಲ. ಇದರ ಗ್ರೀಸ್ ಪೆನ್ಸಿಲ್ ಎಂಬ ಬರೆಯುವ ಸಾಧನದಲ್ಲಿ ಕೈಯಿಂದ ಎಳೆದ ಗೆರೆ ಮೂರು ಆಯಾಮದ ಜಾಗದಲ್ಲಿ ನಿಲ್ಲುತ್ತದೆ. ಬೆಟ್ಟವನ್ನು ನಿಜಕ್ಕೂ ದೂರದಲ್ಲಿ, ಮರಗಳನ್ನು ನಡುವೆ, ಕಣವನ್ನು ಎದುರಿಗೆ ಇಟ್ಟು ಕ್ಯಾಮೆರಾ ಸರಿಸಿದಾಗ ವೇಗಗಳ ಲೆಕ್ಕವನ್ನು ನಾವು ಹಾಕಬೇಕಿಲ್ಲ. ದೂರವೇ ಅದನ್ನು ಹಾಕುತ್ತದೆ. ಕ್ಯಾಮೆರಾ ಚಲನೆಯಲ್ಲಿ ಉಳಿದ ಮೂರಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಬರೆದ ಗೆರೆಯನ್ನು ಸ್ಕಲ್ಪ್ಟ್ ಮೋಡ್‌ನಲ್ಲಿ ತಳ್ಳಿ ಎಳೆದು ಮುಂದಿನ ಚಿತ್ರವಾಗಿಸಬಹುದಾದ್ದರಿಂದ ಟಾರ್ಪಾಲೂ ತಕ್ಕಮಟ್ಟಿಗೆ ಚೆನ್ನಾಗಿಯೇ ಬಂದಿತು, ಆದರೆ ಗೆರೆಯ ಜೀವ ಕ್ರಿತಾದಷ್ಟಿಲ್ಲ.

ಬ್ಲೆಂಡರ್‌ನ 4ನೇ ಸರಣಿಯ ಆವೃತ್ತಿಗಳಿಗೆ ಕನಿಷ್ಠ 8 ಜಿಬಿ ಮೆಮೊರಿ, ಓಪನ್‌ಜಿಎಲ್ 4.3 (ಚಿತ್ರ ಮೂಡಿಸುವ ಒಂದು ಮಾನದಂಡ) ತಿಳಿಯುವ ಗ್ರಾಫಿಕ್ಸ್ ಬೇಕು. ಮನೆಯ ಮೂಲೆಯಲ್ಲಿರುವ ಹಳೆಯ ಲ್ಯಾಪ್‌ಟಾಪಿನಲ್ಲಿ ಅದು ತೆರೆಯದೇ ಇರಬಹುದು. ಬಲಗಡೆ ಅಂಕಿಗಳ ಕೀಲಿಗಳಿಲ್ಲದ ಲ್ಯಾಪ್‌ಟಾಪ್ ಇರುವವರು ಪ್ರಿಫರೆನ್ಸಸ್‌ನಲ್ಲಿ ‘ಎಮ್ಯುಲೇಟ್ ನಮ್‌ಪ್ಯಾಡ್’ ಎಂಬುದನ್ನು ಆರಿಸಿಕೊಂಡರೆ ನೋಟ ಬದಲಿಸುವುದು ಸುಲಭ. ಕನ್ನಡದ ಶೀರ್ಷಿಕೆ ಹಾಕುವವರಿಗೆ ಇನ್ನೊಂದು ಮಾತು: ನಾನು ಬಳಸಿದ ಆವೃತ್ತಿಯಲ್ಲಿ ಒತ್ತಕ್ಷರಗಳು ಅಕ್ಷರದ ಕೆಳಗೆ ಕೂರದೆ ಬಿಡಿಬಿಡಿಯಾಗಿ ನಿಂತವು. ಶೀರ್ಷಿಕೆಯನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೆದು, ಅಕ್ಷರಗಳನ್ನು ಪಾತ್ (ಗೆರೆಯ ಆಕೃತಿ) ಆಗಿ ಪರಿವರ್ತಿಸಿ, ಎಸ್‌ವಿಜಿ ಕಡತವಾಗಿ ತಂದುಕೊಂಡರೆ ಸರಿಯಾಗಿ ಕಾಣುತ್ತದೆ.

ಪೆನ್ಸಿಲ್ 2ಡಿ ಮತ್ತು ಫೋನಿನ ಫ್ಲಿಪಾಕ್ಲಿಪ್ ಬಗ್ಗೆಯೂ ಕೇಳುವವರಿದ್ದಾರೆ. ಶಾಲೆಯ ಮಕ್ಕಳಿಗೆ ಚೆಂಡು ಪುಟಿಯುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಲು ಎರಡೂ ಉತ್ತಮ. ಈ ದೃಶ್ಯದಂತಹ ಪದರಗಳ ಕೆಲಸಕ್ಕೆ ಅವು ಸಾಲವು.

ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು; ಈ ದೃಷ್ಟಿಯಿಂದಲೂ ನಾಲ್ಕನ್ನು ನೋಡಬೇಕು. ಬ್ಲೆಂಡರ್ ತಾನಾಗಿಯೇ ಎರಡು ನಿಮಿಷಕ್ಕೊಮ್ಮೆ ಒಂದು ಪ್ರತಿ ಉಳಿಸಿಕೊಳ್ಳುತ್ತದೆ, ಕರೆಂಟು ಬಂದ ಮೇಲೆ ರಿಕವರ್ ಎಂಬಲ್ಲಿ ಅದು ಸಿಗುತ್ತದೆ. ಆದರೆ ಯಾವ ತಂತ್ರಾಂಶವಾದರೂ ರೆಂಡರ್ ಮಾಡುವಾಗ, ಅಂದರೆ ದೃಶ್ಯದ ಕೊನೆಯ ರೂಪ ತೆಗೆಯುವಾಗ, ನೇರವಾಗಿ ವೀಡಿಯೊ ಮಾಡದೆ ಪಿಎನ್‌ಜಿ ಚಿತ್ರಗಳ ಸರಣಿಯಾಗಿ ತೆಗೆಯುವುದು ಕ್ಷೇಮ. 240 ಫ್ರೇಮುಗಳಲ್ಲಿ 180 ಮುಗಿದಾಗ ಕರೆಂಟು ಹೋದರೆ ವೀಡಿಯೊ ಕಡತ ತೆರೆಯದೇ ಹೋಗಬಹುದು. ಚಿತ್ರಗಳಾದರೆ 180 ಉಳಿದಿರುತ್ತವೆ, ಮಿಕ್ಕ 60ನ್ನು ಮಾತ್ರ ತೆಗೆದರೆ ಆಯಿತು.

ಇದೇ ಪಿಎನ್‌ಜಿ ಸರಣಿ ತಂತ್ರಾಂಶಗಳ ನಡುವಿನ ಸೇತುವೆಯೂ ಹೌದು. ದೃಶ್ಯದ ಕೊನೆಯ ರೂಪಕ್ಕೆ ನಾವು ಒಂದನ್ನೇ ಆರಿಸಲಿಲ್ಲ: ಟಾರ್ಪಾಲು ಕ್ರಿತಾದಿಂದ, ಹೆಂಗಸು ಮತ್ತು ಕೋಲು ರೈಟರ ಸಿನ್‌ಫಿಗ್‌ನಿಂದ ಪಾರದರ್ಶಕ ಹಿನ್ನೆಲೆಯ ಚಿತ್ರಗಳಾಗಿ ಬಂದವು; ಬೆಟ್ಟ, ಮೋಡ, ಕ್ಯಾಮೆರಾ ಬ್ಲೆಂಡರ್‌ನಲ್ಲಿ ಕೂಡಿದವು. ಒಬ್ಬರೇ ಇದ್ದು ಒಂದನ್ನೇ ಕಲಿಯುವುದಾದರೆ, ಪೆನ್ ಟ್ಯಾಬ್ಲೆಟ್ ಇದ್ದವರಿಗೆ ಕ್ರಿತಾದಿಂದ ಆರಂಭಿಸಿ, ಚಿತ್ರಗಳು ಹೆಚ್ಚಿ ಬಣ್ಣ ತುಂಬುವುದೇ ಭಾರವಾದಾಗ ಓಪನ್‌ಟೂನ್ಜ್‌ಗೆ ಹೋಗಿ ಎನ್ನುತ್ತೇನೆ. ಮೌಸ್ ಮಾತ್ರ ಇದ್ದವರಿಗೆ ಸಿನ್‌ಫಿಗ್. ಇನ್ನೊಬ್ಬರಿಂದ ಸಹಾಯ ಬೇಕಾದಾಗ ಓಪನ್‌ಟೂನ್ಜ್‌ನ ದೃಶ್ಯದ ಕಡತವೊಂದನ್ನೇ ಕಳಿಸಿದರೆ ಅವರಿಗೆ ಖಾಲಿ ಚೌಕಟ್ಟು ಕಾಣುತ್ತದೆ, ಏಕೆಂದರೆ ಚಿತ್ರಗಳು ಬೇರೆ ಕಡತಗಳಲ್ಲಿರುತ್ತವೆ. ಇಡೀ ಪ್ರಾಜೆಕ್ಟ್ ಫೋಲ್ಡರನ್ನು ಜಿಪ್ ಮಾಡಿ ಕಳಿಸಬೇಕು. ವಾಟ್ಸಾಪ್‌ನಲ್ಲಿ ವೀಡಿಯೊ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲವಾದರೆ ಅದು ಕುಗ್ಗಿ, ತೆಳು ಗೆರೆಗಳು ಅಳಿಸಿಹೋಗಿ, ನೋಡುವವರಿಗೆ ನಿಮ್ಮ ಚಲನೆಯ ಬಗ್ಗೆ ಸರಿಯಾಗಿ ಹೇಳಲಾಗುವುದಿಲ್ಲ.