ಕ್ಯಾಂಪಿಂಗ್‌ಗೆ ಬ್ಯಾಟರಿ ಕಟ್-ಆಫ್: ಕೆಲವು ವರ್ಷ ಬಳಸಿದ ಮೇಲೆ

ಕಾರಿನ ಬ್ಯಾಟರಿಗೂ ಕ್ಯಾಂಪಿಂಗ್ ಫ್ರಿಜ್‌ಗೂ ನಡುವೆ ಒಂದು ಲೋ ವೋಲ್ಟೇಜ್ ಕಟ್-ಆಫ್ ಹಾಕಿಸಿ ಕೆಲವು ವರ್ಷ ಆಯ್ತು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಪೆಟ್ಟಿಗೆ. ವೋಲ್ಟೇಜ್ ನಾವು ಇಟ್ಟ ಮಟ್ಟಕ್ಕಿಂತ ಇಳಿದರೆ ಫ್ರಿಜ್‌ಗೆ ಕರೆಂಟ್ ನಿಲ್ಲಿಸುತ್ತದೆ. ಎಂಜಿನ್ ಶುರುವಾಗಿ ವೋಲ್ಟೇಜ್ ಏರಿದರೆ ತಾನೇ ಮತ್ತೆ ಕೊಡುತ್ತದೆ. ಇದು ಬಂದಮೇಲೆ ಬೆಳಿಗ್ಗೆ ಸೆಲ್ಫ್ ಹೊಡೆಯದೆ ಕಾರು ನಿಂತದ್ದಿಲ್ಲ. ಆದರೆ ಸುಮ್ನೆ ತಂದು ಸಿಕ್ಕಿಸಿದರೆ ಇಷ್ಟು ಉಪಯೋಗ ಸಿಗುವುದಿಲ್ಲ.

ಎಷ್ಟಕ್ಕೆ ಸೆಟ್ ಮಾಡುತ್ತೀರಿ ಅನ್ನೋದು ಮುಖ್ಯ. ಪೂರ್ತಿ ಚಾರ್ಜ್ ಆದ ಕಾರಿನ ಸೀಸದ ಬ್ಯಾಟರಿ ಸುಮ್ಮನೆ ಇದ್ದಾಗ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. 12.2ಕ್ಕೆ ಬಂದರೆ ಅರ್ಧ ಖಾಲಿ. 12ಕ್ಕೆ ಇಳಿದರೆ ಉಳಿದಿರುವುದು ಕಾಲು ಭಾಗ ಅಷ್ಟೇ. ಕೆಲವು ಫ್ರಿಜ್‌ಗಳಲ್ಲೇ ಬ್ಯಾಟರಿ ರಕ್ಷಣೆ ಇರುತ್ತದೆ, ನಿಜ. ಆದರೆ ಅದರ ಕೆಳಗಿನ ಸೆಟ್ಟಿಂಗ್ 10 ವೋಲ್ಟ್ ಹತ್ತಿರ ಇದ್ದರೆ ಏನು ಬಂತು? ಅಷ್ಟು ಇಳಿಯುವ ಹೊತ್ತಿಗೆ ಕಾರು ಸ್ಟಾರ್ಟ್ ಆಗುವ ಆಸೆ ಬಿಡಬೇಕು. ನಾನು ಇಟ್ಟಿರುವುದು 12.1. ಕಾರಿನ ಬ್ಯಾಟರಿಯ ಪ್ಲೇಟುಗಳು ತೆಳು. ಕೆಲವೇ ಸೆಕೆಂಡು ಜೋರಾಗಿ ಕರೆಂಟ್ ಕೊಡಲೆಂದೇ ಮಾಡಿದ್ದು. ಪದೇ ಪದೇ ಖಾಲಿ ಮಾಡಿದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಉಪ್ಪು ಕಟ್ಟಿ ಬೇಗ ಸಾಯುತ್ತದೆ.

ಇನ್ನು ವೈರಿನ ವಿಷಯ, ಹೆಚ್ಚಿನವರು ನೋಡದೇ ಇರುವುದು ಇದನ್ನೇ. ಸಿಗರೇಟ್ ಲೈಟರ್ ಸಾಕೆಟ್‌ಗೆ ಬರುವ ವೈರು ಸಣ್ಣದು. ಡಿಕ್ಕಿಯವರೆಗೆ ಎಳೆದ ವೈರಿನಲ್ಲಿ 0.1 ಓಮ್ ತಡೆ ಇದ್ದರೂ ಸಾಕು, ಫ್ರಿಜ್ 5 ಆಂಪ್ ಎಳೆಯುವಾಗ ಅರ್ಧ ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಬ್ಯಾಟರಿಯಲ್ಲಿ 12.5 ಇದ್ದರೂ ಪೆಟ್ಟಿಗೆಗೆ ಕಾಣುವುದು 12. ಕಟ್! ಬ್ಯಾಟರಿ ತುಂಬಿರುವಾಗಲೇ ಫ್ರಿಜ್ ಆಫ್ ಆಗುತ್ತದೆ, ಜನ ಪೆಟ್ಟಿಗೆಯನ್ನು ಬೈಯುತ್ತಾರೆ. ಪೆಟ್ಟಿಗೆಯನ್ನು ಬಾನೆಟ್ ಒಳಗೆ ಬ್ಯಾಟರಿ ಪಕ್ಕದಲ್ಲೇ ಕೂರಿಸಿ, ಅಲ್ಲಿಂದ ಫ್ರಿಜ್‌ವರೆಗೆ 6 ಚದರ ಮಿಲಿಮೀಟರ್ ವೈರು ಎಳೆಸಿ. ಪಾಸಿಟಿವ್ ಟರ್ಮಿನಲ್‌ಗೆ ಆದಷ್ಟು ಹತ್ತಿರ ಫ್ಯೂಸ್ ಇರಲೇಬೇಕು. ಬರೀ ವೈರು ಎಳೆದು ಬಿಡುವುದು ಬೆಂಕಿಗೆ ದಾರಿ.

ಪೆಟ್ಟಿಗೆಯಲ್ಲಿ ವೋಲ್ಟೇಜ್ ತೋರಿಸುವ ಚಿಕ್ಕ ಡಿಸ್‌ಪ್ಲೇ ನನಗೆ ತುಂಬಾ ಇಷ್ಟ. ಕಂಪ್ರೆಸರ್ ಶುರುವಾದ ಕ್ಷಣ 12.5 ಇದ್ದದ್ದು 12ಕ್ಕೆ ಕುಸಿಯುತ್ತದೆ, ಎರಡು ಸೆಕೆಂಡಿಗೆ 12.4ಕ್ಕೆ ಏರಿ ನಿಲ್ಲುತ್ತದೆ. ಆ ಕುಸಿತಕ್ಕೆ ಕಟ್ ಆಗದಂತೆ ಒಳಗೆ ಟೈಮರ್ ಇದೆ. ವೋಲ್ಟೇಜ್ ಕೆಳಗೇ ಉಳಿದರೆ ಮಾತ್ರ ಬಜ್ಜರ್ ಕೂಗಿ, ಆಮೇಲೆ ಟಕ್ ಅಂತ ರಿಲೇ (ಕರೆಂಟ್ ಕಡಿಯುವ ಒಳಗಿನ ಸ್ವಿಚ್) ಬೀಳುತ್ತದೆ. ಬಜ್ಜರ್ ಸದ್ದು ಮಾತ್ರ ಜಾಸ್ತಿಯೇ ಆಯ್ತು. ರಾತ್ರಿ ಪಕ್ಕದ ಟೆಂಟಿನವರೂ ಏಳುತ್ತಾರೆ, ಕಡಿಮೆ ಮಾಡುವ ಬಟನ್ ಕೊಡಬೇಕಿತ್ತು. ಟರ್ಮಿನಲ್ ಸ್ಕ್ರೂಗಳೂ ಕಚ್ಚಾ ರಸ್ತೆಯ ಅದುರಿಗೆ ಸಡಿಲ ಆಗುತ್ತವೆ, ಆಗಾಗ ಬಿಗಿ ಮಾಡಿ.

ಇದು ಕಾಯುವುದು ತನ್ನ ಮೂಲಕ ಹೋಗುವ ಕರೆಂಟನ್ನು ಮಾತ್ರ. ಕಾರು ತಾನೇ ತಿನ್ನುವುದು ಇದರ ಲೆಕ್ಕಕ್ಕೆ ಬರುವುದಿಲ್ಲ. ಹಿಂದಿನ ಬಾಗಿಲು ತೆಗೆದಿಟ್ಟು ಅಡುಗೆ ಮಾಡುತ್ತೀರಿ ಅಲ್ವಾ? ಅಷ್ಟು ಹೊತ್ತೂ ಒಳಗಿನ ದೀಪ ಉರಿಯುತ್ತದೆ, ಕಂಪ್ಯೂಟರ್‌ಗಳು ಎಚ್ಚರವಾಗಿರುತ್ತವೆ. ಬಹಳ ಕಾರುಗಳಲ್ಲಿ ಬಾಗಿಲಿನ ಲ್ಯಾಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತಂದರೆ, ಬಾಗಿಲು ಹಾಕಿದೆ ಅಂದುಕೊಂಡು ಕಾರು ಮಲಗುತ್ತದೆ. ಬಾಗಿಲು ಹಾಕುವ ಮುಂಚೆ ಹ್ಯಾಂಡಲ್ ಎಳೆದು ಲ್ಯಾಚ್ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಲ್ಯಾಚ್ ಹಾಳಾಗುತ್ತದೆ. ಕೀ ಆನ್ ಮಾಡಿ ಹಾಡು ಕೇಳುವುದನ್ನೂ ಬಿಡಿ, ಬೇರೆ ಸ್ಪೀಕರ್ ಇಟ್ಟುಕೊಳ್ಳಿ.

ಕೊಳ್ಳುವ ಮುಂಚೆ ಒಂದು ಲೆಕ್ಕ ಹಾಕಿ. 45 ಆಂಪ್-ಅವರ್ (ಆಂಪ್ ಗುಣಿಸು ಗಂಟೆ) ಬ್ಯಾಟರಿಯಲ್ಲಿ ಅರ್ಧ ಬಳಸಿದರೆ ಸಿಗುವುದು 22ರಷ್ಟು. ಫ್ರಿಜ್ ಸರಾಸರಿ ಒಂದೂವರೆ ಆಂಪ್ ತಿಂದರೆ ಹದಿನಾಲ್ಕು-ಹದಿನೈದು ಗಂಟೆ. ಸೆಕೆ ಜಾಸ್ತಿ ಇದ್ದರೆ, ಬ್ಯಾಟರಿ ಹಳೆಯದಾದರೆ ಇನ್ನೂ ಕಡಿಮೆ. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಎಂಜಿನ್ ಆಯಿಲ್ ಗಟ್ಟಿಯಾಗಿ ಸ್ಟಾರ್ಟ್ ಮಾಡಲು ಜಾಸ್ತಿ ಕರೆಂಟ್ ಬೇಕಾಗುತ್ತದೆ. ಹಾಗಾಗಿ ಚಳಿಗೆ ನಾನು 12.3ಕ್ಕೆ ಏರಿಸುತ್ತೇನೆ.

ಒಂದು ರಾತ್ರಿ ತಂಗಿ ಮರುದಿನ ಗಾಡಿ ಓಡಿಸುವವರು ಧೈರ್ಯವಾಗಿ ತಗೊಳ್ಳಿ. ಒಂದೇ ಕಡೆ ಎರಡು ಮೂರು ದಿನ ಕಾರು ಅಲುಗಿಸದೆ ಇರುವವರಿಗೆ ಇದು ಸಾಲದು. ಕಾರು ಸ್ಟಾರ್ಟ್ ಆಗುತ್ತದೆ, ಫ್ರಿಜ್‌ನಲ್ಲಿಟ್ಟ ಹಾಲು ಮಾತ್ರ ಕೆಡುತ್ತದೆ. ನಿಂತಲ್ಲೇ ಅರ್ಧ ಗಂಟೆ ಎಂಜಿನ್ ಓಡಿಸಿದರೂ ಅಷ್ಟೊಂದು ಇಳಿದ ಬ್ಯಾಟರಿ ತುಂಬುವುದಿಲ್ಲ. ಅಂಥವರು ಫ್ರಿಜ್‌ಗೆ ಬೇರೆಯದೇ ಲಿಥಿಯಂ ಬ್ಯಾಟರಿ ಇಟ್ಟುಕೊಂಡು, ಜೊತೆಗೆ 100 ವಾಟ್ ಸೋಲಾರ್ ಪ್ಯಾನೆಲ್ ಹಾಕಿಕೊಳ್ಳುವುದು ಒಳ್ಳೆಯದು. ಒಳ್ಳೆ ಬಿಸಿಲಿದ್ದರೆ ಅದರಿಂದ 5 ಆಂಪ್ ಹತ್ತಿರ ಬರುತ್ತದೆ.