ರಸ್ತೆಗಿಳಿಯದ ಬೈಕು: ಕವಾಸಾಕಿ ಕೆಎಕ್ಸ್ 250

ಕವಾಸಾಕಿ ಕೆಎಕ್ಸ್ 250 ಬೈಕಿಗೆ ಹೆಡ್‌ಲೈಟ್ ಇಲ್ಲ, ಹಾರ್ನ್ ಇಲ್ಲ, ಕನ್ನಡಿಯೂ ಇಲ್ಲ. ಆರ್‌ಟಿಒದಲ್ಲಿ ನೋಂದಣಿಯಾಗದ ಈ ಮೋಟೊಕ್ರಾಸ್ (ಮಣ್ಣಿನ ಟ್ರ್ಯಾಕಿನ ಓಟದ) ಬೈಕನ್ನು ಮೈಸೂರಿನ ರಿಂಗ್ ರಸ್ತೆಯಲ್ಲಿ ಓಡಿಸುವಂತಿಲ್ಲ; ಟ್ರ್ಯಾಕಿಗೆ ಗೂಡ್ಸ್ ಗಾಡಿಯಲ್ಲಿ ಹೇರಿಕೊಂಡೇ ಹೋಗಬೇಕು. ಓಟಕ್ಕೆ ಬೇಡವಾದದ್ದನ್ನೆಲ್ಲ ಬಿಟ್ಟು, ಅಲ್ಯುಮಿನಿಯಂ ಫ್ರೇಮ್ ಬಳಸಿರುವುದರಿಂದ 2021ರ ಮಾದರಿಯ ತೂಕ ಪೆಟ್ರೋಲ್ ತುಂಬಿದ ಮೇಲೂ ಸುಮಾರು 108 ಕೆ.ಜಿ.ಯಷ್ಟೇ ಇದೆ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಹಿಂದೆ ತಯಾರಾಗುತ್ತಿದ್ದ ಯೆಜ್ಡಿ ಬೈಕೂ 250 ಸಿಸಿ ವರ್ಗದ್ದೇ ಆಗಿತ್ತು. ಅದಕ್ಕೆ ಸೆಂಟರ್ ಸ್ಟ್ಯಾಂಡ್ ಹಾಕಿ ಪಳಗಿದ ನಮ್ಮೂರಿನ ಕೈಗಳಿಗೆ ಇದರ ಹಗುರತನ ಹ್ಯಾಂಡಲ್ ಹಿಡಿದ ಕೂಡಲೇ ತಿಳಿಯುತ್ತದೆ.

ಇಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 78 ಮಿ.ಮೀ., ಸ್ಟ್ರೋಕ್ ಮಾತ್ರ 52.2 ಮಿ.ಮೀ. ಪಿಸ್ಟನ್ ಕ್ರಮಿಸುವ ಈ ದೂರ ಕಡಿಮೆಯಾದ್ದರಿಂದ ಇಂಜಿನ್ನು ನಿಮಿಷಕ್ಕೆ 14,000 ಸುತ್ತುಗಳನ್ನೂ ಮೀರಿ ತಿರುಗಬಲ್ಲದು. ಆ ವೇಗದಲ್ಲೂ ಗಾಳಿ-ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವ್‌ಗಳು ತಮ್ಮನ್ನು ತೆರೆಯಿಸುವ ಕ್ಯಾಮ್ ಎಂಬ ಉಬ್ಬುದಂಡದ ಲಯ ತಪ್ಪದಿರಲೆಂದು ಫಿಂಗರ್ ಫಾಲೋವರ್ ಎಂಬ ಪುಟ್ಟ ಸನ್ನೆಕೋಲುಗಳ ಮೂಲಕ ಅವನ್ನು ತೆರೆಯುವ ವ್ಯವಸ್ಥೆಯಿದೆ. ಇದರಿಂದ ಚಲಿಸುವ ಭಾಗಗಳ ತೂಕ ಇಳಿಯುತ್ತದೆ. ಕೆಳಗಿನ ಆರ್‌ಪಿಎಂನಲ್ಲಿ ಸೌಮ್ಯವಾಗಿರುವ ಈ ಇಂಜಿನ್ನು ಥ್ರಾಟಲ್ ಪೂರ್ತಿ ತಿರುವುವ ಧೈರ್ಯವಿದ್ದವರಿಗೆ ಮಾತ್ರ ತನ್ನ ಕಸುವು ತೋರಿಸುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇಂಜಿನ್ನಿನ ಸೆಟ್ಟಿಂಗ್ ಬದಲಿಸುವ ಪುಟ್ಟ ಪ್ಲಗ್ಗುಗಳಾದ ಮೂರು ಬಣ್ಣದ ಕಪ್ಲರ್‌ಗಳು. ಹಸಿರು ಸಾಮಾನ್ಯ ನೆಲಕ್ಕೆ, ಕಪ್ಪು ಗಟ್ಟಿ ನೆಲಕ್ಕೆ, ಬಿಳಿ ಸಡಿಲ ಮಣ್ಣಿಗೆ. ಲ್ಯಾಪ್‌ಟಾಪಿನ ಹಂಗಿಲ್ಲದೆ, ಒಂದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸಿದರೆ ಪೆಟ್ರೋಲಿನ ಪ್ರಮಾಣವೂ ಕಿಡಿ ಹಾರುವ ಸಮಯವೂ ಬದಲಾಗುತ್ತವೆ. ಬೇಸಿಗೆಯಲ್ಲಿ ಕಲ್ಲಿನಂತಾಗುವ ನಮ್ಮ ಕೆಂಪು ನೆಲಕ್ಕೆ ಕಪ್ಪೇ ಸರಿ. ಹಿಂದಿನ ಚಕ್ರ ಗಿರ್ರನೆ ತಿರುಗಿ ಜಾರುವುದು ಕಡಿಮೆಯಾಗುತ್ತದೆ. ಮುಂಭಾಗದ 48 ಮಿ.ಮೀ. ದಪ್ಪದ ಕೆವೈಬಿ ಕಂಪನಿಯ ಫೋರ್ಕ್ (ಮುಂಚಕ್ರದ ಶಾಕ್ ಅಬ್ಸಾರ್ಬರ್) ಎತ್ತರದ ನೆಗೆತಗಳನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತದೆ. ಇದೇ ಮಾದರಿಯಲ್ಲಿ ಬಂದ ಸೆಲ್ಫ್ ಸ್ಟಾರ್ಟ್ ಮತ್ತು ಹೈಡ್ರಾಲಿಕ್ ಕ್ಲಚ್ಚುಗಳಂತೂ ವರವೇ ಸರಿ, ಏಕೆಂದರೆ ಬಿದ್ದು ಎದ್ದವನಿಗೆ ಕಿಕ್ಕರ್ ತುಳಿಯುವ ತ್ರಾಣ ಉಳಿದಿರುವುದಿಲ್ಲ.

ಸೀಟು ನೆಲದಿಂದ ಸುಮಾರು 95 ಸೆಂ.ಮೀ. ಎತ್ತರದಲ್ಲಿದ್ದು, ಕುಳ್ಳಗಿನವರಿಗೆ ಪ್ರಯಾಸವಾಗುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ಧೂಳು. ಇದರ ಏರ್ ಫಿಲ್ಟರ್ ಎಣ್ಣೆ ಸವರಿದ ಫೋಮ್; ಪ್ರತಿ ಬಾರಿ ಓಡಿಸಿದ ಮೇಲೆ ಅದನ್ನು ಬಿಚ್ಚಿ, ನೀರು ಕೆಂಪಾಗುವುದು ನಿಲ್ಲುವವರೆಗೆ ತೊಳೆದು, ನೆರಳಲ್ಲಿ ಒಣಗಿಸಿ, ಮತ್ತೆ ಎಣ್ಣೆ ಹಿಂಡಿ ಕೂರಿಸಬೇಕು. ಸೋಮಾರಿಗಳಿಗೆ ಹೇಳಿಸಿದ ಬೈಕಲ್ಲ. ಸರ್ವಿಸ್ಸಿನ ಲೆಕ್ಕವೂ ಕಿಲೋಮೀಟರಿನಲ್ಲಿಲ್ಲ, ಓಡಿದ ಗಂಟೆಗಳಲ್ಲಿದೆ. ಆದ್ದರಿಂದ ಹಳೆಯದನ್ನು ಕೊಳ್ಳುವವರು ಇಂಜಿನ್ನು ಎಷ್ಟು ಗಂಟೆ ಓಡಿದೆ, ಪಿಸ್ಟನ್ ಬದಲಾಯಿಸಿದ್ದು ಯಾವಾಗ ಎಂಬುದನ್ನು ವಿಚಾರಿಸಿಯೇ ಬೆಲೆ ಕಟ್ಟಬೇಕು.