ಶಿರಸಿ ಕೌಂಟರ್‌ನಲ್ಲಿ ಎಲ್‌ಆರ್ (ಲಾರಿ ರಸೀದಿ) ಹೊಡೆಯಲು ಮೂರು ದಾರಿ: ನನ್ನ ಓಟು ಪೈ ಪೆಟ್ಟಿಗೆಗೆ

ಬ್ರಾಂಚ್ ಆಫೀಸಿನಲ್ಲಿ ಡಾಟ್ ಮ್ಯಾಟ್ರಿಕ್ಸ್ (ಸೂಜಿಯಿಂದ ಚುಕ್ಕಿ ಹೊಡೆಯುವ) ಪ್ರಿಂಟರ್ ಇದ್ದರೆ ಅದರ ಪಕ್ಕ ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಒಂದನ್ನು ಇಡಿ. ಮೂರು ದಾರಿ ಹಾಕಿ ನೋಡಿದ ಮೇಲೆ ನಾನು ಎಲ್ಲರಿಗೂ ಹೇಳುವುದು ಇದನ್ನೇ.

ನಾನು ಕಂಪ್ಯೂಟರ್ ನೋಡಿಕೊಳ್ಳುವ ಪಾರ್ಸೆಲ್ ಲಾರಿ ಆಫೀಸಿನ ಸರ್ವರ್ ಹುಬ್ಬಳ್ಳಿಯಲ್ಲಿದೆ. ಶಿರಸಿ, ರಾಣೆಬೆನ್ನೂರಿನ ಹುಡುಗರು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ, ಅಂದರೆ ದೂರದಿಂದಲೇ ಸರ್ವರ್‌ನ ಪರದೆ ತೆರೆದು, ಒಳಗೆ ಬಂದು ಬುಕಿಂಗ್ ಮಾಡುತ್ತಾರೆ. ಎಲ್‌ಆರ್ ಮಾತ್ರ ಅವರ ಕೌಂಟರ್‌ನಲ್ಲೇ ಬರಬೇಕು. 10 ಇಂಚು ಅಗಲ, 6 ಇಂಚು ಉದ್ದದ ಪ್ರೀ-ಪ್ರಿಂಟೆಡ್ ಹಾಳೆ, ಮೂರು ಪ್ರತಿ. ಅದು ಕೈಗೆ ಸಿಗುವವರೆಗೆ ಲಾರಿ ಹೊರಡುವಂತಿಲ್ಲ.

ಮೊದಲು ಹಾಕಿದ್ದು ರಿಮೋಟ್ ಡೆಸ್ಕ್‌ಟಾಪ್‌ನ ಪ್ರಿಂಟರ್ ರೀಡೈರೆಕ್ಷನ್, ಅಂದರೆ ಸರ್ವರ್‌ನಲ್ಲಿ ಕೊಟ್ಟ ಪ್ರಿಂಟನ್ನು ಬ್ರಾಂಚ್‌ನ ಪ್ರಿಂಟರ್‌ಗೆ ತಿರುಗಿಸುವುದು. ಒಂದು ಟಿಕ್ ಹಾಕಿದರೆ ಸಾಕು, ಖರ್ಚಿಲ್ಲ. ಲೇಸರ್ ಪ್ರಿಂಟರ್‌ಗೆ ಚೆನ್ನಾಗಿಯೇ ನಡೆಯುತ್ತದೆ. ಡಾಟ್ ಮ್ಯಾಟ್ರಿಕ್ಸ್‌ಗೆ ಬಂದಾಗ ಗೋಳು ಶುರು. ವಿಂಡೋಸ್ ಸರ್ವರ್ 2008ರಿಂದ ಬಂದ ಈಸಿ ಪ್ರಿಂಟ್ ಇದೆಯಲ್ಲ, ಅದು ಪುಟವನ್ನು ಎಕ್ಸ್‌ಪಿಎಸ್ (ಪಿಡಿಎಫ್ ತರಹದ ಫೈಲ್) ಮಾಡಿ ಕಳಿಸುತ್ತದೆ. ನಮ್ಮ ಎಪ್ಸನ್ ಎಲ್‌ಎಕ್ಸ್-310ರ ಹತ್ತಿರ ಬರುವಷ್ಟರಲ್ಲಿ ಅಕ್ಷರ ಅಕ್ಷರವಾಗಿ ಉಳಿದಿರುವುದಿಲ್ಲ, ಚಿತ್ರವಾಗಿರುತ್ತದೆ. ಹೆಡ್ಡು ಒಂದೊಂದೇ ಪಟ್ಟಿಯಾಗಿ ಚುಕ್ಕಿ ಹೊಡೆಯುತ್ತಾ ಹೋಗುತ್ತದೆ. ಮೂರನೇ ಕಾರ್ಬನ್ ಪ್ರತಿಯಲ್ಲಿ ತೂಕ 16 ಕೆಜಿಯೋ 18 ಕೆಜಿಯೋ ಗೊತ್ತಾಗುವುದಿಲ್ಲ. ಡೆಲಿವರಿ ಕೊಡುವಾಗ ಜಗಳ ಆಗುವುದೇ ಆ ಪ್ರತಿಯ ಮೇಲೆ.

ಅದರ ಮೇಲೆ ಹಾಳೆ ಅಳತೆಯ ಕಾಟ. 6 ಇಂಚಿನ ಫಾರ್ಮ್ ಈಸಿ ಪ್ರಿಂಟ್‌ಗೆ ಗೊತ್ತಿಲ್ಲ, ಎ4 ಅಂತಲೇ ಲೆಕ್ಕ. ಒಂದು ಎಲ್‌ಆರ್ ಹೊಡೆದು ಮುಂದಿನ ಫಾರ್ಮ್‌ನ ಮಧ್ಯಕ್ಕೆ ಬಂದು ನಿಲ್ಲುತ್ತದೆ. ಹುಡುಗರು ನಾಬ್ ತಿರುಗಿಸಿ ಹಾಳೆ ಹಿಂದೆ ಎಳೆಯಬೇಕು. ಸರ್ವರ್‌ನ ಗ್ರೂಪ್ ಪಾಲಿಸಿ ಸೆಟ್ಟಿಂಗ್‌ನಲ್ಲಿ ಈಸಿ ಪ್ರಿಂಟ್ ಹಿಂದೆ ಸರಿಸಿದೆ. ಸರ್ವರ್‌ಗೂ ಎಪ್ಸನ್ ಡ್ರೈವರ್ ಹಾಕಿದೆ. ಪ್ರಿಂಟ್ ಸರ್ವರ್ ಪ್ರಾಪರ್ಟೀಸ್‌ಗೆ ಹೋಗಿ 10x6ರ ಫಾರ್ಮ್ ಮಾಡಿದೆ. ಅಳತೆ ಸರಿಯಾಯಿತು.

ಆಗ ಹೆಸರಿನ ತಲೆನೋವು ಬಂತು. ಪ್ರಿಂಟರ್ ಹೆಸರಿನ ಕೊನೆಗೆ ‘ರೀಡೈರೆಕ್ಟೆಡ್ 3’ ಅಂತ ಸೆಷನ್ ನಂಬರ್ ಸೇರಿಕೊಳ್ಳುತ್ತದೆ. ನೆಟ್ ಕಟ್ಟಾಗಿ ಮತ್ತೆ ಲಾಗಿನ್ ಆದರೆ ಅದು 5 ಆಗಿರಬಹುದು. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಪ್ರಿಂಟರನ್ನು ಹೆಸರಿನಿಂದಲೇ ನೆನಪಿಟ್ಟುಕೊಳ್ಳುವ ಹಳೇ ಕಾಲದ್ದು. ಪ್ರತಿ ಸಲ ಸೆಟ್ಟಿಂಗ್ ತೆಗೆದು ಪ್ರಿಂಟರ್ ಆರಿಸಿಕೊಡಬೇಕು. ಮಳೆಗಾಲದ ಶಿರಸಿಯಲ್ಲಿ ನೆಟ್ ದಿನಕ್ಕೆ ಎಷ್ಟು ಸಲ ಹೋಗುತ್ತದೆ ಅಂತ ಅಲ್ಲಿಯವರನ್ನು ಕೇಳಿ. ರಾತ್ರಿ ಲೋಡಿಂಗ್ ಹೊತ್ತಿಗೆ ಫೋನ್ ಬರುತ್ತಿತ್ತು: ‘ಸರ್, ಮತ್ತೆ ಪ್ರಿಂಟರ್ ಕಾಣಿಸ್ತಿಲ್ಲ.’ ಈ ದಾರಿ ನಾನು ಬಿಟ್ಟಿದ್ದು ಇದೊಂದೇ ಕಾರಣಕ್ಕೆ.

ಎರಡನೆಯದು, ಬ್ರಾಂಚ್‌ನಲ್ಲಿ ವಿಪಿಎನ್ (ಇಂಟರ್ನೆಟ್ ಮೂಲಕ ಎರಡು ಆಫೀಸಿನ ನಡುವೆ ಖಾಸಗಿ ದಾರಿ) ರೂಟರ್ ಹಾಕಿ ನೆಟ್‌ವರ್ಕ್ ಪ್ರಿಂಟರ್‌ನ 9100 ಪೋರ್ಟಿಗೆ, ಅಂದರೆ ಅದು ಪ್ರಿಂಟ್ ತೆಗೆದುಕೊಳ್ಳುವ ಬಾಗಿಲಿಗೆ, ನೇರವಾಗಿ ಕಳಿಸುವುದು. ಇದನ್ನು ರಾಣೆಬೆನ್ನೂರಿನ ಲೇಸರ್‌ಗೆ ಮಾಡಿದೆ, ಒಳ್ಳೆಯ ದಾರಿ. ಪ್ರಿಂಟರ್ ಪಿಂಗ್‌ಗೆ (ನೆಟ್‌ವರ್ಕ್‌ನಲ್ಲಿ ಕರೆದು ನೋಡುವುದಕ್ಕೆ) ಉತ್ತರ ಕೊಡುತ್ತಿದ್ದರೂ ವಿಂಡೋಸ್ ಆಫ್‌ಲೈನ್ ಅಂತ ತೋರಿಸಿದರೆ ಪೋರ್ಟ್ ಸೆಟ್ಟಿಂಗ್‌ನಲ್ಲಿ ಪ್ರಿಂಟರ್ ಸ್ಥಿತಿ ವಿಚಾರಿಸುವ ಎಸ್‌ಎನ್‌ಎಂಪಿಯ ಟಿಕ್ ತೆಗೆಯಿರಿ. ವಿಪಿಎನ್ ಇಲ್ಲದೆ 9100 ಪೋರ್ಟನ್ನು ಇಂಟರ್ನೆಟ್‌ಗೆ ತೆರೆದಿಡುವ ಕೆಲಸ ಮಾತ್ರ ಬೇಡವೇ ಬೇಡ. 2018ರ ಕೊನೆಯಲ್ಲಿ ಹೀಗೆ ತೆರೆದಿದ್ದ ಸಾವಿರಾರು ಪ್ರಿಂಟರ್‌ಗಳಲ್ಲಿ ಯಾರೋ ಯೂಟ್ಯೂಬ್ ಚಾನೆಲ್‌ನ ಪ್ರಚಾರ ಹೊಡೆದಿದ್ದರು. ಶಿರಸಿಯ ಎಲ್‌ಎಕ್ಸ್-310 ಯುಎಸ್‌ಬಿಯದ್ದು, ಅಲ್ಲಿಗೆ ಈ ದಾರಿ ಸಾಲದು.

ಇಮೇಲ್‌ನಲ್ಲಿ ಪಿಡಿಎಫ್ ಕಳಿಸಿ ಹೊಡೆಸುವ ಮಾತೂ ಬಂತು. ಲಾರಿ ಆಫೀಸಿಗೆ ಅದು ಆಗಿಬರುವುದಿಲ್ಲ.

ಮೂರನೆಯದು ಪೈ. ಹೆಚ್ಚು ಕಡಿಮೆ ಎಟಿಎಂ ಕಾರ್ಡಿನಷ್ಟೇ ಅಗಲ. ಯುಎಸ್‌ಬಿಯಲ್ಲಿ ಪ್ರಿಂಟರ್, ಒಳಗೆ ಕಪ್ಸ್ (ಲಿನಕ್ಸ್‌ನ ಪ್ರಿಂಟ್ ಸಾಫ್ಟ್‌ವೇರ್) ಮತ್ತು ವೈರ್‌ಗಾರ್ಡ್ (ವಿಪಿಎನ್ ಸಾಫ್ಟ್‌ವೇರ್). ಬ್ರಾಂಚ್‌ನ ಬ್ರಾಡ್‌ಬ್ಯಾಂಡ್‌ಗೆ ಸ್ವಂತ ಪಬ್ಲಿಕ್ ಐಪಿ (ಹೊರಗಿನಿಂದ ತಲುಪಬಹುದಾದ ಇಂಟರ್ನೆಟ್ ವಿಳಾಸ) ಇಲ್ಲದಿದ್ದರೂ ಪರವಾಗಿಲ್ಲ, ಪೈ ತಾನಾಗಿಯೇ ಹುಬ್ಬಳ್ಳಿಗೆ ಕರೆ ಮಾಡುತ್ತದೆ. ಸ್ಟಾಟಿಕ್ ಐಪಿ (ಬದಲಾಗದ ವಿಳಾಸ) ಬೇಕಾದದ್ದು ಹುಬ್ಬಳ್ಳಿಗೆ ಮಾತ್ರ. ಪೈ ಕಡೆ ಕೀಪ್‌ಅಲೈವ್ (ದಾರಿ ತೆರೆದಿಡಲು ಆಗಾಗ ಕಳಿಸುವ ಸಣ್ಣ ಸಂದೇಶ) 25 ಸೆಕೆಂಡ್ ಇಡಲೇಬೇಕು. ಇಲ್ಲದಿದ್ದರೆ ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ದಾರಿ ಮುಚ್ಚಿಹೋಗಿ ಇಲ್ಲಿಂದ ಕಳಿಸಿದ ಪ್ರಿಂಟ್ ಅಲ್ಲಿಗೆ ತಲುಪುವುದಿಲ್ಲ.

ಸರ್ವರ್‌ನಲ್ಲಿ ಬರೀ ಅಕ್ಷರ ಕಳಿಸುವ ‘ಜೆನೆರಿಕ್ ಟೆಕ್ಸ್ಟ್ ಓನ್ಲಿ’ ಡ್ರೈವರ್, ಕಪ್ಸ್‌ನಲ್ಲಿ ಬಂದದ್ದನ್ನು ಬದಲಿಸದೆ ಪ್ರಿಂಟರ್‌ಗೆ ದಾಟಿಸುವ ರಾ ಕ್ಯೂ. ಒಂದು ಎಲ್‌ಆರ್ ಅಂದರೆ ಎರಡು ಮೂರು ಕೆಬಿ ಅಕ್ಷರ, ಅಷ್ಟೇ. ಪ್ರಿಂಟರ್ ತನ್ನದೇ ಫಾಂಟಿನಲ್ಲಿ ಟರ್ರ್ ಅಂತ ಹೊಡೆದು ಮುಗಿಸುತ್ತದೆ, ಮೂರನೇ ಪ್ರತಿಯೂ ಓದಲು ಬರುತ್ತದೆ. ಕ್ಯೂ ಹೆಸರು ಬದಲಾಗುವುದೇ ಇಲ್ಲ. ನೆಟ್ ಹೋದರೆ ಪ್ರಿಂಟ್ ಸರ್ವರ್‌ನ ಕ್ಯೂನಲ್ಲಿ ಕಾದಿದ್ದು, ಬಂದ ಕೂಡಲೇ ಹೊರಡುತ್ತದೆ.

ಕೊರತೆಗಳೂ ಇವೆ. ನಮ್ಮ ಪ್ರಿಂಟರ್‌ನ ಸ್ವಂತ ಫಾಂಟಿನಲ್ಲಿ ಕನ್ನಡ ಇಲ್ಲ. ಎಲ್‌ಆರ್ ಕನ್ನಡದಲ್ಲೇ ಬೇಕು ಅನ್ನುವವರು ಮತ್ತೆ ಚಿತ್ರದ ದಾರಿಗೇ ಹೋಗಬೇಕು, ಅದು ನನಗೆ ನಿಜಕ್ಕೂ ಬೇಸರದ ವಿಷಯ. ಮುಂದಿನ ಆವೃತ್ತಿಗಳಲ್ಲಿ ರಾ ಕ್ಯೂ ಇರುವುದಿಲ್ಲ ಅಂತ ಕಪ್ಸ್ ಈಗಲೇ ಎಚ್ಚರಿಸುತ್ತದೆ. ಕರೆಂಟ್ ಪದೇ ಪದೇ ಹೋದರೆ ಮೆಮೊರಿ ಕಾರ್ಡ್ ಕೆಡಬಹುದು, ಹಾಗಾಗಿ ಪೈಯನ್ನು ಯುಪಿಎಸ್‌ಗೆ ಹಾಕಿ. ಒಂದು ಕಾಪಿ ಮಾಡಿದ ಕಾರ್ಡ್ ಬ್ರಾಂಚ್‌ನ ಡ್ರಾಯರ್‌ನಲ್ಲೇ ಇಟ್ಟಿರಿ.

ಬ್ರಾಂಚ್‌ನಲ್ಲಿ ಬರೀ ಎ4 ಲೇಸರ್ ಇದ್ದು, ಲಿನಕ್ಸ್ ಮುಟ್ಟುವ ಅಭ್ಯಾಸ ಇಲ್ಲದಿದ್ದರೆ ವಿಪಿಎನ್ ರೂಟರ್ ತಗೊಳ್ಳಿ. ನನಗೆ ಕಮಾಂಡ್ ಟೈಪ್ ಮಾಡುವುದು ರೂಢಿ, ಮಾಲೀಕರು ಬ್ರಾಂಚಿಗೆ ಕೊಡುವ ದುಡ್ಡೂ ಕಡಿಮೆ. ನಮ್ಮ ದಾವಣಗೆರೆ ಕೌಂಟರ್‌ಗೂ ಪೈಯನ್ನೇ ತರಿಸಿದ್ದೇನೆ.